ಹಳೆ ಕಂಪ್ಯೂಟರು ಗುಜರಿಗೆ ಯಾಕೆ?

ನಮ್ಮ ಮನೆ ಕಂಪ್ಯೂಟರಿನಲ್ಲಿ ವಿಂಡೋಸ್ ಏಳಲೇ ಇಲ್ಲ. 12 ವರ್ಷದ ಅಡಿಕೆ ಲೆಕ್ಕ ಅದರೊಳಗೆ. ರಿಪೇರಿಯವರು 'ಹೊಸತು ತಗೊಳ್ಳಿ' ಅಂದರು. 'ಒಂದು ನೋಡುವಾ ಮಾವ' ಅಂತ ಅಳಿಯ ಪೆನ್‌ಡ್ರೈವ್ ಸಿಕ್ಕಿಸಿದ. ಅದರಲ್ಲಿದ್ದದ್ದು ಪಪ್ಪಿ ಲಿನಕ್ಸ್. ಆಸ್ಟ್ರೇಲಿಯಾದ ಬ್ಯಾರಿ ಕಾಲರ್ 2003ರಲ್ಲಿ ಶುರುಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಹಾರ್ಡ್‌ಡಿಸ್ಕಿನ ಹಂಗಿಲ್ಲದೆ ರ‍್ಯಾಮಿನಲ್ಲೇ ಓಡುತ್ತದೆ. ಕಂಪ್ಯೂಟರು ಎದ್ದಿತು, ಲೆಕ್ಕವೆಲ್ಲ ಇನ್ನೊಂದು ಪೆನ್‌ಡ್ರೈವಿಗೆ ನಕಲಾಯಿತು. ನುಡಿಯಲ್ಲಿ ಬರೆದ ಹಳೆ ಪತ್ರಗಳು ಮಾತ್ರ, ಫಾಂಟ್ ಹಾಕುವವರೆಗೆ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ!

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತೆಂದು ಒಳ್ಳೆ ಯಂತ್ರವನ್ನು ತೂಕಕ್ಕೆ ಹಾಕುವ ಅವಸರ ನನಗೆ ಸರಿ ಕಾಣುವುದಿಲ್ಲ. ಮೊದಲು ಇದನ್ನು ನೋಡಿ. ಆದರೆ ಡಿಸ್ಕೇ ಸತ್ತಿದ್ದರೆ ಲೆಕ್ಕ ಸಿಗದು. ಆಫ್ ಮಾಡುವಾಗ ಕೇಳಿದರೆ 'ಸೇವ್' ಕೊಡಿ. ಇಲ್ಲದಿದ್ದರೆ ಪಪ್ಪಿಯಲ್ಲಿ ಮಾಡಿಕೊಂಡ ಬದಲಾವಣೆ ಹೋಯಿತು.