ಸೋನಾ ಮಸೂರಿಗಾಗಿ ಅತ್ತವರು

ಮೊನ್ನೆ ಭಾನುವಾರ ಬುಟಿಬೋರಿಯ ನಾವು ನಾಲ್ಕು ಕನ್ನಡ ಮನೆಯವರು ಸೇರಿದ್ದೆವು. ಬಿಸಿಬೇಳೆಬಾತ್ ನಡುವೆ, ಅಮೆರಿಕದಿಂದ ರಜಕ್ಕೆ ಬಂದಿದ್ದ ಗೆಳೆಯರ ತಮ್ಮ 2023ರ ಕತೆ ತೆಗೆದ. ಜುಲೈ 20ಕ್ಕೆ ಭಾರತ ಬಾಸ್ಮತಿ ಬಿಟ್ಟು ಉಳಿದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತಲ್ಲ, ಆಗ ಅಂಗಡಿಯಿಂದ ಅಂಗಡಿಗೆ ಕಾರು ಓಡಿಸಿದ್ದು, "ಮನೆಗೊಂದೇ ಚೀಲ" ಅಂತ ಬೋರ್ಡು ನೋಡಿದ್ದು... ಎಲ್ಲರೂ ಅಯ್ಯೋ ಪಾಪ ಅಂದರು. ನಾನೂ ಅಂದೆ. ರಾತ್ರಿ ಮಲಗಿದಾಗ ನಾಚಿಕೆ ಆಯ್ತು.

ಯಾಕೆ ಅಂತೀರಾ? ಇಲ್ಲಿಂದ ಪೂರ್ವಕ್ಕೆ ಭಂಡಾರ, ಗೊಂದಿಯಾ ಕಡೆ ಹೋಗಿ ನೋಡಿ, ಬರೀ ಅಕ್ಕಿ ಗಿರಣಿಗಳು. ಕುಚ್ಚಲಕ್ಕಿಯನ್ನೂ ಮಾಡ್ತಾರೆ. ಇಪ್ಪತ್ಮೂರು ವರ್ಷದಿಂದ ಇಲ್ಲಿದ್ದೀನಿ, ನಾಗಪುರದ ಮನೆಗಳಲ್ಲಿ ಕುಚ್ಚಲಕ್ಕಿ ಅನ್ನ ಉಂಡಿದ್ದೇ ಇಲ್ಲ. ಹಾಗಾದ್ರೆ ತಿನ್ನೋರು ಯಾರು? ನಮ್ಮ ದೇಶದ ಕುಚ್ಚಲಕ್ಕಿ ಕಾಕಿನಾಡದಂಥ ಬಂದರುಗಳಿಂದ ಹಡಗು ಹತ್ತಿ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತೆ. ಬೆನಿನ್, ಟೋಗೊ, ಗಿನಿ, ಲೈಬೀರಿಯಾ.

ಲೈಬೀರಿಯಾ ಐವತ್ತು ಲಕ್ಷ ಚಿಲ್ಲರೆ ಜನರ ಬಡ ದೇಶ. ಅನ್ನ ಉಣ್ಣದಿದ್ದರೆ ಊಟವೇ ಆಗಿಲ್ಲ ಅನ್ನೋರು, ಥೇಟ್ ನಮ್ಮ ಹಾಗೆ. ಆದರೆ ತಿನ್ನೋ ಅಕ್ಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರಬೇಕು, ಅದರಲ್ಲಿ ಬಹುಪಾಲು ಭಾರತದ್ದು. ಅಲ್ಲಿ 25 ಕೆಜಿ ಚೀಲದ ಬೆಲೆ ಅಂದರೆ ರಾಜಕೀಯ. 1979ರಲ್ಲಿ ಟಾಲ್ಬರ್ಟ್ ಸರ್ಕಾರ ನೂರು ಪೌಂಡಿನ ಮೂಟೆಯ ಬೆಲೆಯನ್ನು 22 ಡಾಲರಿನಿಂದ ಏರಿಸೋಕೆ ಹೊರಟಿತು. ರೈತರಿಗೆ ಉತ್ತೇಜನ ಅಂತ ಕಾರಣ ಕೊಟ್ಟರು. ಲಾಭ ಅಧ್ಯಕ್ಷರ ಬಂಧುಗಳಿಗೆ ಅಂತ ಜನ ಆಡಿಕೊಂಡರು. ಏಪ್ರಿಲ್ 14ರಂದು ಮನ್ರೋವಿಯಾದ ಬೀದಿಯಲ್ಲಿ ಗುಂಡು ಹಾರಿತು, ಹತ್ತಾರು ಜನ ಸತ್ತರು. ಮರುವರ್ಷ ಸೈನಿಕರು ಟಾಲ್ಬರ್ಟ್ ಅವರನ್ನೇ ಕೊಂದು ಅಧಿಕಾರ ಹಿಡಿದರು.

ಅಂಥ ದೇಶದ ಅನ್ನಕ್ಕೆ ನಾವು 2023ರ ಆಗಸ್ಟ್‌ನಲ್ಲಿ ಶೇಕಡಾ 20 ರಫ್ತು ಸುಂಕ ಹಾಕಿದೆವು. ಪೂರ್ತಿ ತೆಗೆಯೋಕೆ 2024ರ ಅಕ್ಟೋಬರ್ ಆಯ್ತು. ನಮ್ಮ ಹುಡುಗನಿಗೆ ಸೋನಾ ಮಸೂರಿ ಇಲ್ಲದಿದ್ದರೆ ಬಾಸ್ಮತಿ, ಅದಿಲ್ಲದಿದ್ದರೆ ಪಿಜ್ಜಾ. ಮನ್ರೋವಿಯಾದಲ್ಲಿ ದಿನಗೂಲಿ ಮಾಡೋನಿಗೆ ಏನಿದೆ ಸ್ವಾಮಿ?

"ಮೊದಲು ನಮ್ಮ ಜನದ ಹೊಟ್ಟೆ" ಅಂತೀರಿ. ಸರಿ, ಒಪ್ಪಿದೆ. ಆ ವರ್ಷ ಎಲ್ ನಿನೋ ಇತ್ತು, ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಿಗೆ ಬರ ಬಡಿಯಿತು. ಆದರೆ ನಮ್ಮ ಜನದ ಹೊಟ್ಟೆಗೆ ಹಾಕಿದರಾ ಅಂತ ಕೇಳಿ ನೋಡಿ. ಅದೇ 2023ರ ಜೂನ್‌ನಲ್ಲಿ ಕರ್ನಾಟಕ ಅನ್ನಭಾಗ್ಯಕ್ಕೆ ಕೆಜಿಗೆ 34 ರೂಪಾಯಿ ಕೊಡ್ತೀವಿ, ಅಕ್ಕಿ ಕೊಡಿ ಅಂತ ಭಾರತ ಆಹಾರ ನಿಗಮದ ಬಾಗಿಲು ತಟ್ಟಿತು. ರಾಜ್ಯಗಳಿಗೆ ಮಾರಾಟ ಬಂದ್ ಅಂದರು! ಜುಲೈಗೆ ಗೋದಾಮಿನಲ್ಲಿ ಇರಬೇಕಾದ್ದು 135 ಲಕ್ಷ ಟನ್, ಇದ್ದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಕೊನೆಗೆ ರಾಜ್ಯ ಅಕ್ಕಿ ಬದಲು ತಲೆಗೆ 170 ರೂಪಾಯಿ ಹಂಚಿತು. ಇತ್ತ, ಅದೇ ನಿಗಮದ ಅಕ್ಕಿ ಆ ಜುಲೈವರೆಗೂ ಎಥನಾಲ್ ಮಾಡೋರಿಗೆ ಕೆಜಿಗೆ 20 ರೂಪಾಯಿಯಂತೆ ಹೋಗ್ತಾ ಇತ್ತು. ಬಡವನ ತಟ್ಟೆಗೆ 34ಕ್ಕೂ ಇಲ್ಲ, ಪೆಟ್ರೋಲ್ ಟ್ಯಾಂಕಿಗೆ 20ಕ್ಕೆ ಉಂಟು!

2025ರಲ್ಲಿ ರಾಜ್ಯಗಳಿಗೂ ಎಥನಾಲಿಗೂ ಒಂದೇ ರೇಟು ಮಾಡಿದರು, 22 ರೂಪಾಯಿ 50 ಪೈಸೆ. ಅಲ್ಲಿಗೆ ಕೊರತೆ ಇದ್ದದ್ದು ಅಕ್ಕಿಗಲ್ಲ ಅಂತಾಯ್ತು. ಚುನಾವಣೆ ಹತ್ತಿರ ಬಂದಾಗ ಪೇಟೆಯ ಗಿರಾಕಿ, ಅಂದರೆ ನಾನೂ ನೀವೂ, ಗೊಣಗಬಾರದು ಅಷ್ಟೇ. ನಮ್ಮ ಗೊಣಗಾಟ ತಪ್ಪಿಸೋಕೆ ಗೇಟು ಹಾಕಿದರು. ಗಂಗಾವತಿಯ ನಮ್ಮೂರ ಗದ್ದೆಯವನಿಗೆ ರಫ್ತಿನ ರೇಟು ಮುಟ್ಟಲಿಲ್ಲ, ಮನ್ರೋವಿಯಾದವನಿಗೆ ಮೂಟೆ ದುಬಾರಿಯಾಯ್ತು.

ಕೇಳಿ ಬಂದ ದೇಶಗಳಿಗೆ ಬಿಳಿ ಅಕ್ಕಿಯ ಕೋಟಾ ಕೊಟ್ಟೆವಲ್ಲ ಅಂತ ಯಾರಾದರೂ ಹೇಳಬಹುದು. ಕೊಟ್ಟರು, ನಿಜ. ವ್ಯಾಪಾರಕ್ಕೆ ಬರ್ತಿದ್ದವನನ್ನ ಬೇಡೋಕೆ ನಿಲ್ಲಿಸಿ ಕೊಟ್ಟರು. ಕುಚ್ಚಲಕ್ಕಿಯ ಸುಂಕ ಮಾತ್ರ ಹಾಗೇ ಇತ್ತು.

ಆ ಹುಡುಗನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. "ಅಂಕಲ್, ನಮ್ಮ ಕಷ್ಟ ಕಷ್ಟ ಅಲ್ವಾ?" ಅಂದ. ಮೂರು ವಾರಕ್ಕೆ ಮುಗಿದ ಕಷ್ಟ ಅಂತ ಹೇಳಿ ಇಟ್ಟೆ. ಮುಂದಿನ ಭಾನುವಾರ ಊಟ ನಮ್ಮನೇಲಿ. ಅವನಿನ್ನೂ ಬರ್ತೀನಿ ಅಂದಿಲ್ಲ.