ಹೂತ ಜೀಪಿಗೆ ಹೆಗಲು ಬೇಡ, ಹಲಗೆ ಕೊಡೋಣ



ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಎರಡು ಪ್ರಶ್ನೆಗಳು ತಪ್ಪದೆ ಕೇಳಿಬರುತ್ತವೆ. ಒಂದು, ತೋಟಕ್ಕೆ ಕೊಳೆ ಬಂತೇ ಎಂಬುದು. ಇನ್ನೊಂದು, ಯಾರ ಜೀಪು ಎಲ್ಲಿ ಹೂತಿದೆ ಎಂಬುದು. ಮೊದಲನೆಯದರ ಬಗ್ಗೆ ಈ ಪತ್ರಿಕೆಯಲ್ಲಿ ವರ್ಷವರ್ಷವೂ ಬರೆಯುತ್ತ ಬಂದಿದ್ದೇವೆ. ಎರಡನೆಯದನ್ನು ನಗೆಯ ವಿಷಯವೆಂದು ಬಿಟ್ಟಿದ್ದೆವು. ಅದು ನಗೆಯ ವಿಷಯವಲ್ಲವೆಂದು ನಮಗೆ ತಿಳಿಯುವಷ್ಟರಲ್ಲಿ ಒಬ್ಬ ಮನುಷ್ಯನ ಮಂಡಿ ಹೋಗಿತ್ತು.

ಬೇರೆಯವರ ಕಥೆ ಹೇಳುವುದಿಲ್ಲ, ನಮ್ಮದನ್ನೇ ಹೇಳುತ್ತೇವೆ. 2022ರ ಜುಲೈ ತಿಂಗಳು. ಎರಡನೆಯ ಸಲದ ಔಷಧಿ ಹೊಡೆಯಲು ಮೂರು ದಿನದ ಹೊಳವು ಸಿಕ್ಕಿತ್ತು. ಜೀಪಿನಲ್ಲಿ ಮೈಲುತುತ್ತ, ಸುಣ್ಣ, ಪಂಪು, ಜೊತೆಗೆ ನಾಲ್ಕು ಜನ. ಗದ್ದೆ ದಾಟಿ ತೋಟಕ್ಕೆ ಇಳಿಯುವ ತಿರುವಿನಲ್ಲಿ ಹಿಂದಿನ ಎರಡೂ ಚಕ್ರಗಳು ಇಳಿದವು. ನಾವು ಸ್ಟೀರಿಂಗ್ ಹಿಡಿದು ಕುಳಿತೇ ಇದ್ದೆವು. ಅವರು ಇಳಿದರು. ಒಬ್ಬರು ಸೊಪ್ಪು ತಂದರು, ಒಬ್ಬರು ಕಲ್ಲು ತಂದು ಚಕ್ರದ ಬುಡಕ್ಕೆ ಕೊಟ್ಟರು. "ರೇಸು ಕೊಡಿ ಅಯ್ಯಾ, ನಾವು ತಳ್ತೇವೆ" ಎಂದರು. ನಾವು ಕೊಟ್ಟೆವು. ಚಕ್ರ ಗಿರ್ರನೆ ತಿರುಗಿ ಬುಡದ ಕಲ್ಲನ್ನು ಹಿಂದಕ್ಕೆ ಎಸೆಯಿತು. ಹಿಂದೆ ನಿಂತು ಹೆಗಲು ಕೊಟ್ಟಿದ್ದವನು ನಮ್ಮ ತೋಟದಲ್ಲಿ ಹದಿನೆಂಟು ವರ್ಷ ಕೊನೆ ತೆಗೆದವನು. ಕಲ್ಲು ಅವನ ಮಂಡಿಯ ಚಿಪ್ಪಿಗೆ ಬಡಿಯಿತು.

ಆಸ್ಪತ್ರೆಯ ಖರ್ಚನ್ನು ನಾವು ಕೊಟ್ಟೆವು. ಕೊಡಲೇಬೇಕಿತ್ತು, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ಮರ ಹತ್ತುವ ಕಾಲನ್ನು ಕೊಡಲು ನಮ್ಮಿಂದಾಗಲಿಲ್ಲ. ಈಗ ಅವನು ಚಪ್ಪರದಡಿ ಕುಳಿತು ಅಡಿಕೆ ಸುಲಿಯುತ್ತಾನೆ. ಮರ ಹತ್ತುವವನ ಸಂಬಳಕ್ಕೂ ಸುಲಿಯುವವನ ಸಂಬಳಕ್ಕೂ ಇರುವ ಅಂತರವನ್ನು ಸದಸ್ಯರಿಗೆ ನಾವು ವಿವರಿಸಬೇಕಾಗಿಲ್ಲ. ಜೀಪನ್ನು ಮಾರನೆಯ ದಿನ ಟ್ರ್ಯಾಕ್ಟರು ಬಂದು ಎಳೆಯಿತು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ.

ಆಮೇಲೆ ನಾವು ಈ ವಿಷಯವನ್ನು ಸ್ವಲ್ಪ ಓದಿ, ವಿಚಾರಿಸಿ, ನಮ್ಮ ತೋಟದಲ್ಲೇ ಮಾಡಿ ನೋಡಿದ್ದೇವೆ. ತಿಳಿದದ್ದನ್ನು ಇಲ್ಲಿ ಸದಸ್ಯರ ಮುಂದಿಡುತ್ತೇವೆ.

ಮೊದಲನೆಯದಾಗಿ, ನಾಲ್ಕು ಚಕ್ರದ ಗಾಡಿ ಹೂಳುವುದಿಲ್ಲ ಎಂಬ ನಂಬಿಕೆಯನ್ನು ಬಿಡಬೇಕು. ಒಂದು ಆಕ್ಸಲಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇದೆ. ತಿರುವಿನಲ್ಲಿ ಒಳಗಿನ ಚಕ್ರ ನಿಧಾನವಾಗಿಯೂ ಹೊರಗಿನ ಚಕ್ರ ಬೇಗನೆಯೂ ಉರುಳಲು ಅದು ಬೇಕು. ಆದರೆ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ, ಜಾರುವ ಚಕ್ರಕ್ಕೆ ನೆಲದ ಹಿಡಿತ ಎಷ್ಟೋ ಅಷ್ಟೇ ಬಲ ಇನ್ನೊಂದು ಚಕ್ರಕ್ಕೂ ಸಲ್ಲುತ್ತದೆ. ಒಂದು ಕೆಸರಿನಲ್ಲಿ ತಿರುಗಿದರೆ ಇನ್ನೊಂದು ಗಟ್ಟಿ ನೆಲದ ಮೇಲಿದ್ದೂ ಕೈಚೆಲ್ಲುತ್ತದೆ. ಮುಂದೊಂದು, ಹಿಂದೊಂದು ಚಕ್ರ ಜಾರಿತೆಂದರೆ ನಾಲ್ಕು ಚಕ್ರದ ಗಾಡಿಯೂ ನಿಂತಲ್ಲೇ ನಿಲ್ಲುತ್ತದೆ. ಆಗ ರೇಸು ಕೊಟ್ಟರೆ ಆಗುವುದು ಎರಡೇ ಕೆಲಸ. ಟಯರಿನ ಗೀರುಗಳಲ್ಲಿ ಮಣ್ಣು ತುಂಬಿ ಅದು ಬೋಳಾಗುತ್ತದೆ, ಮತ್ತು ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಇಂಜಿನ್ನಿನಲ್ಲಿ ಬಲಕ್ಕೆ ಕೊರತೆ ಇಲ್ಲ. ಕೊರತೆ ಇರುವುದು ಹಿಡಿತದಲ್ಲಿ. ಹಿಂದಿನಿಂದ ನಾಲ್ಕು ಜನ ತಳ್ಳಿ ಸೇರಿಸುವುದು ಬಲವನ್ನೇ ಹೊರತು ಹಿಡಿತವನ್ನಲ್ಲ.

ಹಿಡಿತ ಕೊಡುವ ಉಪಾಯವನ್ನು ಕಂಡುಕೊಂಡದ್ದು ಕೆಸರಿನಲ್ಲಲ್ಲ, ಮರಳಿನಲ್ಲಿ. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದಾಗ ಫೋರ್ಡ್ ಕಾರುಗಳಲ್ಲಿ ಲಿಬಿಯದ ಮರುಭೂಮಿಯನ್ನು ಸುತ್ತಿದರು. ಮೊದಲನೆಯ ಮಹಾಯುದ್ಧದಲ್ಲಿ ನೆಲಗೂಡುಗಳ ಮಾಡಿಗೆ ಹೊದಿಸಲೆಂದು ಮಾಡಿದ್ದ ಉಕ್ಕಿನ ತಗಡಿನ ದೋಣಿಗಳು ಕೈರೋದ ಗುಜರಿ ಅಂಗಡಿಯಲ್ಲಿ ಅವರ ಕಣ್ಣಿಗೆ ಬಿದ್ದವು. ಹೂತ ಚಕ್ರದ ಮುಂದೆ ಅವನ್ನು ತುರುಕಿದರೆ ಕಾರು ತಾನಾಗಿ ಹತ್ತಿ ಬರುವುದನ್ನು ಅವರು ಕಂಡರು. 1940ರಲ್ಲಿ ಅವರೇ ಕಟ್ಟಿದ ಮರುಭೂಮಿ ದಳದ ಲಾರಿಗಳ ಪಕ್ಕದಲ್ಲಿ ಆ ದೋಣಿಗಳು ಸದಾ ತೂಗುತ್ತಿದ್ದವು. ಅತ್ತ ಅಮೆರಿಕನ್ನರು ಮೆದು ನೆಲದ ಮೇಲೆ ವಿಮಾನ ಇಳಿಸಲು ತೂತು ಹೊಡೆದ ಉಕ್ಕಿನ ಹಲಗೆಗಳನ್ನು ಮಾಡಿ, 1941ರಲ್ಲಿ ನಾರ್ತ್ ಕರೊಲಿನಾದ ಮಾರ್ಸ್‌ಟನ್ ಎಂಬಲ್ಲಿ ಹಾಸಿ ಪರೀಕ್ಷಿಸಿದರು. ಯುದ್ಧ ಮುಗಿದ ಮೇಲೆ ಅವನ್ನು ತುಂಡು ಮಾಡಿ ಜೀಪಿನವರು ಬಳಸಿದರು. ಆದರೆ ಹತ್ತಡಿಯ ಒಂದು ಹಲಗೆ ಸುಮಾರು 30 ಕಿಲೋ ತೂಗುತ್ತಿತ್ತು, ಬಗ್ಗಿದರೆ ನೆಟ್ಟಗೆ ಮಾಡುವುದು ಕಷ್ಟ.

ಈಗ ಬಂದಿರುವವು ಗಟ್ಟಿ ನೈಲಾನಿನ ಹಲಗೆಗಳು. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ 2005ರಿಂದ ಮ್ಯಾಕ್ಸ್‌ಟ್ರ್ಯಾಕ್ಸ್ ಎಂಬ ಹೆಸರಿನಲ್ಲಿ ತಯಾರಾದ ಹಲಗೆಯನ್ನು ನೋಡಿ ಹಲವರು ಅದೇ ಮಾದರಿಯವನ್ನು ಮಾಡಿದ್ದಾರೆ. ಉದ್ದ ಸುಮಾರು ಮೂರುಮುಕ್ಕಾಲು ಅಡಿ, ಅಗಲ ಒಂದಡಿಗೆ ಕೊಂಚ ಹೆಚ್ಚು, ಜೋಡಿಯ ತೂಕ ಹತ್ತು ಕಿಲೋ ಒಳಗೆ. ಮೇಲೆ ಟಯರನ್ನು ಕಚ್ಚುವ ಹಲ್ಲುಗಳು, ಕೆಳಗೆ ನೆಲವನ್ನು ಕಚ್ಚುವ ಉಬ್ಬುಗಳು, ಬದಿಯಲ್ಲಿ ಹಿಡಿಕೆಗಳು. ತಲೆಕೆಳಗೆ ಮಾಡಿದರೆ ಮಣ್ಣು ಗೋರಲೂ ಸ್ವಲ್ಪಮಟ್ಟಿಗೆ ಬರುತ್ತದೆ.

ಇದರಲ್ಲಿ ಹೊಸತೇನಿದೆ, ನಾವು ಅಡಿಕೆ ದಬ್ಬೆ ಹಾಕುವುದಿಲ್ಲವೇ ಎಂದು ಹಿರಿಯ ಸದಸ್ಯರು ಕೇಳಬಹುದು. ಮಾತು ಸರಿ. ಹಳ್ಳಕ್ಕೆ ಸಂಕ ಹಾಕಿದ, ಕೆಸರಿನ ದಾರಿಗೆ ದಬ್ಬೆ ಅಡ್ಡ ಹಾಸಿದ ನಮ್ಮ ಹಿರಿಯರಿಗೆ ಈ ತತ್ತ್ವ ಗೊತ್ತಿತ್ತು. ಆದರೆ ಮಳೆ ಕುಡಿದ ದಬ್ಬೆ ಹಾವಸೆ ಕಟ್ಟಿ ಜಾರುತ್ತದೆ, ತಿರುಗುವ ಚಕ್ರ ಅದನ್ನು ಈಟಿಯಂತೆ ಎಸೆಯುತ್ತದೆ. ಗೋಣಿಚೀಲವನ್ನು ಚಕ್ರ ನುಂಗಿ ಹಾಕುತ್ತದೆ. ಕಲ್ಲಿನ ವಿಷಯ ಆಗಲೇ ಹೇಳಿದೆವು. ಹಿರಿಯರು ಕೊಳೆಗೆ ಹಾಳೆಯ ಕೊಟ್ಟೆ ಕಟ್ಟಿದರು. ನಾವು ಬೋರ್ಡೋ ಹೊಡೆಯುತ್ತೇವೆ. ಅದರಿಂದ ಹಿರಿಯರಿಗೆ ಅವಮಾನವೇನೂ ಆಗಲಿಲ್ಲ.

ಬಳಸುವ ಕ್ರಮವನ್ನು ಹೀಗೆ ನೆನಪಿಡಬಹುದು. ಚಕ್ರ ಒಂದೇ ಕಡೆ ತಿರುಗಲು ತೊಡಗಿತೆಂದರೆ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಅರ್ಧ ಅಡಿ ಹೂತ ಗಾಡಿ ಹತ್ತು ನಿಮಿಷದ ಕೆಲಸ, ಆಕ್ಸಲಿನವರೆಗೆ ಹೂತದ್ದು ಅರ್ಧ ದಿನದ್ದು. ಗಾಡಿಯಲ್ಲಿರುವವರೂ ಹೊರೆಯೂ ಇಳಿಯಲಿ. 200 ಲೀಟರಿನ ಒಂದು ಡ್ರಮ್ಮು ನೀರೆಂದರೆ ಎರಡು ಕ್ವಿಂಟಲ್ ಎಂಬುದು ನೆನಪಿರಲಿ. ಬಂದ ದಾರಿ ಸಾಮಾನ್ಯವಾಗಿ ಮುಂದಿನ ದಾರಿಗಿಂತ ಗಟ್ಟಿ. ಆದ್ದರಿಂದ ಹಿಂದಕ್ಕೆ ಹೊರಡುವುದೇ ಲೇಸೋ ಎಂದು ಮೊದಲು ಇಳಿದು ನೋಡಬೇಕು. ಟಯರಿನ ಗಾಳಿ 30 ಪೌಂಡಿನ ಆಸುಪಾಸಿನಲ್ಲಿದ್ದರೆ 20ಕ್ಕೆ ಇಳಿಸಿದರೂ ಟಯರು ಅಗಲವಾಗಿ ಕೂರುತ್ತದೆ. ಡಾಂಬರು ರಸ್ತೆಗೆ ಬರುವ ಮೊದಲು ತುಂಬಿಸಲು ಪಂಪು ಬೇಕು ಅಷ್ಟೆ.

ಆಮೇಲೆ ಗುದ್ದಲಿಯ ಕೆಲಸ. ಇದನ್ನು ತಪ್ಪಿಸಿದವರೇ ಹಲಗೆ ಉಪಯೋಗವಿಲ್ಲ ಎನ್ನುವವರು. ಹೊರಡುವ ದಿಕ್ಕಿನಲ್ಲಿ ಚಕ್ರದ ಮುಂದಿನ ಮಣ್ಣನ್ನು ಇಳಿಜಾರಾಗಿ ತೆಗೆದು, ಹಲಗೆಯ ತುದಿಯನ್ನು ಟಯರಿನ ಅಡಿಗೆ ಆದಷ್ಟು ಒಳಕ್ಕೆ, ಹಲ್ಲು ಮೇಲಾಗಿ ತುರುಕಬೇಕು. ಗಾಡಿಯ ಹೊಟ್ಟೆ ನೆಲಕ್ಕೆ ತಾಗಿ ಕುಳಿತಿದ್ದರೆ ಅಲ್ಲಿಯ ಮಣ್ಣನ್ನೂ ಬಿಡಿಸಬೇಕು. ಸ್ಟೀರಿಂಗ್ ನೇರವಾಗಿರಲಿ. ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ, ಕೂಸನ್ನು ಎತ್ತುವಷ್ಟು ಮೆಲ್ಲಗೆ ಕ್ಲಚ್ಚು ಬಿಡಬೇಕು. ಹಲಗೆಯ ಮೇಲೆ ಚಕ್ರ ಗಿರಗಿರ ತಿರುಗಿದರೆ ಬಿಸಿಗೆ ನೈಲಾನಿನ ಹಲ್ಲು ಕರಗಿಹೋಗುತ್ತದೆ, ಕೊಟ್ಟ ದುಡ್ಡು ಅಲ್ಲಿಗೆ ಮುಗಿಯಿತು. ಹತ್ತಿ ಬಂದ ಮೇಲೆ ಗಟ್ಟಿ ನೆಲ ಸಿಗುವವರೆಗೆ ನಿಲ್ಲಿಸಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಚಕ್ರ ತಿರುಗುವಾಗ ಗಾಡಿಯ ಹಿಂದೆಯಾಗಲಿ ಮುಂದೆಯಾಗಲಿ ಯಾರೂ ಇರಕೂಡದು. ಹಲಗೆಯೂ ಎಸೆಯಲ್ಪಡಬಹುದು. ಎಲ್ಲರೂ ಬದಿಗೆ, ದೂರಕ್ಕೆ ಹೋಗಿ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಗೇರು ಹಾಕಬೇಕು. ಬಂಪರಿಗೆ ಸರಪಳಿ ಬಿಗಿದು ಇನ್ನೊಂದು ಗಾಡಿಯಿಂದ ಜಗ್ಗುವುದು ಇದಕ್ಕಿಂತ ಅಪಾಯದ್ದು. ಸರಪಳಿಯೋ ಕೊಂಡಿಯೋ ಕಿತ್ತು ಹಾರಿದರೆ ಅದರ ದಾರಿಯಲ್ಲಿದ್ದವರು ಉಳಿಯುವುದು ಪುಣ್ಯದ ಮಾತು.

ಕಳೆದ ವರ್ಷದ ಮಳೆಯಲ್ಲಿ ಬೆಂಗಳೂರಿನ ನಂಟರೊಬ್ಬರಿಂದ ಒಂದು ಜೋಡಿ ತರಿಸಿ ಅದೇ ತಿರುವಿನಲ್ಲಿ ಪ್ರಯೋಗ ಮಾಡಿದೆವು. ಮೊದಲನೆಯ ಸಲ ಜೀಪು ಸರಾಗವಾಗಿ ಹತ್ತಿತು, ಹಲಗೆ ಮಾತ್ರ ಕಾಣೆಯಾಯಿತು. ಕೆಸರಿನಲ್ಲಿ ಮುಳುಗಿದ ಅದನ್ನು ಹಾರೆಯಿಂದ ಚುಚ್ಚಿ ಚುಚ್ಚಿ ಹುಡುಕಲು ಅರ್ಧ ಗಂಟೆ ಹಿಡಿಯಿತು. ಎರಡನೆಯ ಸಲ ಹಿಡಿಕೆಗೆ ಕೆಂಪು ಹಗ್ಗ ಕಟ್ಟಿದೆವು, ಆ ತೊಂದರೆ ತೀರಿತು. ಸದಸ್ಯರು ಹಗ್ಗವನ್ನು ಮೊದಲೇ ಕಟ್ಟಲಿ.

ಹಲಗೆಯಿಂದ ಎಲ್ಲವೂ ಆಗುತ್ತದೆಂದು ನಾವು ಹೇಳುವುದಿಲ್ಲ. ಕಾಲುವೆಯ ಮೇಲೆ ಸಂಕದಂತೆ ಹಾಸಿ ಗಾಡಿ ದಾಟಿಸಲು ಅದು ತಡೆಯುವುದಿಲ್ಲ. ದರೆ ಕುಸಿದು ವಾಲಿದ ಗಾಡಿಗೆ ಅದು ಉಪಾಯವಲ್ಲ. ಬಸಿಗಾಲುವೆ ಬಿಡಿಸದ, ಜಲ್ಲಿ ಕಾಣದ ದಾರಿಯನ್ನು ಅದು ದುರಸ್ತಿ ಮಾಡುವುದಿಲ್ಲ. ಬೇಸಗೆಯಲ್ಲಿ ದಾರಿ ಸರಿಮಾಡಿಕೊಂಡವನಿಗೆ ಮಳೆಗಾಲದಲ್ಲಿ ಹಲಗೆ ಬೇಕಾಗುವುದೇ ಅಪರೂಪ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಎಲ್ಲ ದಾರಿಯೂ ಎಲ್ಲ ಕಾಲಕ್ಕೂ ಗಟ್ಟಿಯಾಗಿರುವುದಿಲ್ಲ. ಕೊಳೆಗೆ ಔಷಧಿ ಹೊಡೆಯುವುದು ಮಳೆಯ ನಡುವೆಯೇ. ಕಾಫಿ ಕೊಯ್ಲಿನಲ್ಲಿ ಅಕಾಲದ ಮಳೆ ಬಂದರೂ ಹಣ್ಣನ್ನು ಅದೇ ದಿನ ಪಲ್ಪರಿಗೆ ಸಾಗಿಸಲೇಬೇಕು. ಗಾಡಿ ಹೊರಡದೆ ವಿಧಿಯಿಲ್ಲ.

ಈ ವಿಷಯವನ್ನು ಆಡಳಿತ ಮಂಡಳಿಯ ಕಳೆದ ಸಭೆಯ ಮುಂದಿಟ್ಟೆವು. ಸಂಘದ ಪ್ರತಿಯೊಂದು ಗೋದಾಮಿನಲ್ಲೂ ಎರಡು ಜೋಡಿ ಹಲಗೆ, ಎರಡು ಗುದ್ದಲಿ, ಒಂದು ಗಾಳಿ ಪಂಪು ಇಡಬೇಕು, ಮಳೆಗಾಲದಲ್ಲಿ ಸದಸ್ಯರಿಗೆ ಬಾಡಿಗೆ ಇಲ್ಲದೆ ಕೊಡಬೇಕು, ಒಂದು ಭಾನುವಾರ ಚಾಲಕರನ್ನೂ ಕೆಲಸದವರನ್ನೂ ಕರೆದು ಪ್ರಾತ್ಯಕ್ಷಿಕೆ ನಡೆಸಬೇಕು ಎಂಬುದು ನಮ್ಮ ಸೂಚನೆ. ಇಬ್ಬರು ನಿರ್ದೇಶಕರು ಒಪ್ಪಲಿಲ್ಲ. ಸಂಘ ಗೊಬ್ಬರ, ಔಷಧಿ ಕೊಡಲಿ, ಜೀಪು ಎತ್ತುವ ಉಸಾಬರಿ ಏಕೆ ಎಂದು ಒಬ್ಬರು. ನಾಲ್ಕು ಜನ ಕೈ ಹಾಕಿದರೆ ಬಿಟ್ಟಿಯಾಗಿ ಆಗುವ ಕೆಲಸಕ್ಕೆ ಸಾವಿರಾರು ರೂಪಾಯಿ ಏಕೆ ಎಂದು ಇನ್ನೊಬ್ಬರು. ತೀರ್ಮಾನ ಮುಂದಿನ ಸಭೆಗೆ ಹೋಗಿದೆ.

ಮೊದಲನೆಯವರಿಗೆ ನಮ್ಮ ಉತ್ತರ: ಒಬ್ಬನಿಗೆ ವರ್ಷಕ್ಕೆ ಎರಡು ದಿನ ಮಾತ್ರ ಬೇಕಾಗುವ, ಎಲ್ಲರಿಗೂ ಯಾವುದೋ ಒಂದು ದಿನ ಬೇಕಾಗುವ ವಸ್ತುವನ್ನು ಕೂಡಿ ಕೊಳ್ಳುವುದಕ್ಕೇ ಸಹಕಾರ ಎಂದು ಹೆಸರು. ಎರಡನೆಯವರ ಮಾತೇ ನಮ್ಮನ್ನು ಈ ಲೇಖನ ಬರೆಯುವಂತೆ ಮಾಡಿತು. ಅವರನ್ನು ದೂರುವುದಕ್ಕಲ್ಲ. 2022ರ ಜುಲೈವರೆಗೆ ನಾವೂ ಹಾಗೆಯೇ ತಿಳಿದಿದ್ದೆವು. ಜೀಪಿನ ಡೀಸೆಲಿಗೆ, ಟಯರಿಗೆ, ಬಾಡಿಗೆಯ ಟ್ರ್ಯಾಕ್ಟರಿಗೆ ನಾವು ಲೆಕ್ಕ ಬರೆಯುತ್ತೇವೆ. ಹಿಂದೆ ನಿಂತು ತಳ್ಳುವ ಹೆಗಲಿಗೆ ಲೆಕ್ಕದ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. ಅದು ಬಿಟ್ಟಿ ಎಂದು ಕಾಣುವುದು ಅದಕ್ಕಾಗಿ. ಕೆಲಸಕ್ಕೆ ಜನ ಸಿಗುವುದಿಲ್ಲ ಎಂದು ಪ್ರತಿ ಸಭೆಯಲ್ಲೂ ಗೋಳಾಡುವ ನಾವು, ಇರುವ ಜನರ ಕೈಕಾಲನ್ನು ಇಷ್ಟು ಅಗ್ಗವಾಗಿ ಎಣಿಸಬಹುದೇ?

ಮುಂದಿನ ಸಭೆಯೊಳಗೆ ಸದಸ್ಯರು ತಮ್ಮ ಅಭಿಪ್ರಾಯವನ್ನು ಕಾಗದದಲ್ಲಿ ಬರೆದೋ ಕಚೇರಿಗೆ ಬಂದೋ ತಿಳಿಸಬೇಕೆಂದು ಕೋರುತ್ತೇವೆ. ಸಂಘ ಕೊಳ್ಳಲಿ, ಬಿಡಲಿ, ಒಂದು ಮಾತನ್ನಾದರೂ ಈ ಮಳೆಯಿಂದಲೇ ನಡೆಸೋಣ. ಹೂತ ಜೀಪಿನ ಹಿಂದೆ ಯಾರಾದರೂ ನಿಂತಿದ್ದರೆ ನಾವು ರೇಸು ಕೊಡುವುದಿಲ್ಲ, ಅವರೇ ಕೊಡಿ ಎಂದರೂ ಕೊಡುವುದಿಲ್ಲ. ಅದಕ್ಕೆ ಹಲಗೆಯೂ ಬೇಡ, ನಿರ್ಣಯವೂ ಬೇಡ.

ಕಾರ್ಯದರ್ಶಿ