ಸೊಳ್ಳೆಯಲ್ಲದ ಸೊಳ್ಳೆ

ಚನ್ನಪಟ್ಟಣ ತಾಲೂಕಿನ ವಾಚಕಿಯೊಬ್ಬರು ನಮಗೆ ಕಾಗದ ಬರೆದು ಒಂದು ಸಂದೇಹವನ್ನು ಕೇಳಿರುವರು. ಮಳೆ ಹಿಡಿದ ಸಂಜೆಗಳಲ್ಲಿ ಅವರ ಹುಳುಮನೆಯ ಬಲೆಯ ಮೇಲೆ, ಸೊಳ್ಳೆಯ ಮೂರುನಾಲ್ಕರಷ್ಟು ಗಾತ್ರದ, ನೂಲೆಳೆಯಂತಹ ಕಾಲುಗಳುಳ್ಳ ಕೀಟವೊಂದು ಬಂದು ಜೋತುಬೀಳುವುದಂತೆ. ಅದು ಊಜಿ ನೊಣದ ಬಳಗವೊ, ಡೆಂಗೆ ಜ್ವರವನ್ನು ತರುವ ಸೊಳ್ಳೆಯ ಹಿರಿಯಣ್ಣನೊ ತಿಳಿಯದೆ, ಮನೆಯವರೆಲ್ಲ ಕಂಡಕಂಡಲ್ಲಿ ಪೊರಕೆಯಿಂದ ಬಡಿಯುತ್ತಿರುವರಂತೆ. ಬಡಿಯತಕ್ಕದ್ದೊ, ಬಿಡತಕ್ಕದ್ದೊ ಎಂಬುದು ಅವರ ಪ್ರಶ್ನೆ. ಬಿಡತಕ್ಕದ್ದು ಎಂಬುದೇ ನಮ್ಮ ಉತ್ತರ. ಆದರೆ ಕಾರಣವನ್ನು ಹೇಳದ ಉತ್ತರವು ಅರ್ಧ ಉತ್ತರವಷ್ಟೆ. ಆದುದರಿಂದ ಈ ತಿಂಗಳ ಪುಟಗಳನ್ನು ಈ ಬಡಪ್ರಾಣಿಗೇ ಮೀಸಲಿಟ್ಟಿದ್ದೇವೆ.

ನಮ್ಮ ಜನರು ಇದನ್ನು ದೊಡ್ಡ ಸೊಳ್ಳೆಯೆಂದು ಹೇಳಿ ಮುಗಿಸುವರು. ಆಂಗ್ಲರು ಕ್ರೇನ್ ಫ್ಲೈ ಎನ್ನುವರು. ಕ್ರೇನ್ ಎಂದರೆ ನೀಳಗಾಲಿನ, ಕ್ರೌಂಚ ಜಾತಿಯ ಪಕ್ಷಿ. ಚನ್ನಪಟ್ಟಣಕ್ಕೆ ಅನತಿದೂರದಲ್ಲಿ, ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ, ಅಲ್ಲಿಯ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಕಾಲು ಇಳಿಬಿಟ್ಟುಕೊಂಡು ಬಂದಿಳಿಯುವುದನ್ನು ನೋಡಿದವರಿಗೆ ಈ ಹೋಲಿಕೆಯ ಸ್ವಾರಸ್ಯವು ತಿಳಿಯುವುದು. ನಾವು ಇಲ್ಲಿ ಇದನ್ನು ಕೊಕ್ಕರೆನೊಣವೆಂದು ಕರೆಯೋಣ; ಮಕ್ಕಳ ಬಾಯಿಗೂ ಸುಲಭವಾಗಿ ಬರುವ ಹೆಸರು. ಪ್ರಪಂಚದಲ್ಲಿ ಇವುಗಳ ಹದಿನೈದು ಸಾವಿರಕ್ಕೂ ಮೇಲ್ಪಟ್ಟ ಜಾತಿಗಳನ್ನು ವಿದ್ವಾಂಸರು ಗುರುತಿಸಿ ಹೆಸರಿಟ್ಟಿದ್ದಾರೆ.

ಕೊಕ್ಕರೆನೊಣವು ಕಚ್ಚುವುದಿಲ್ಲ. ಕಚ್ಚಲು ಅದಕ್ಕೆ ಸಾಧನವೇ ಇಲ್ಲ. ಸೊಳ್ಳೆಯ ಮುಖದಲ್ಲಿ ಸೂಜಿಯಂತೆ ಮುಂಚಾಚಿರುವ ಹೀರುಗೊಳವೆಯು ಇದರಲ್ಲಿ ಕಾಣದು. ರೆಕ್ಕೆಗಳು ಎರಡೇ, ಅವುಗಳ ಹಿಂದೆ, ಗುಂಡುಸೂಜಿಯನ್ನು ಚುಚ್ಚಿಟ್ಟಂತೆ, ಎರಡು ಪುಟ್ಟ ದಂಡಗಳಿರುವುವು. ಹಾರುವಾಗ ಮೈಯ ತೂಕ ತಪ್ಪದಂತೆ ನೋಡಿಕೊಳ್ಳುವ ಅವಯವಗಳು ಇವು. ಸೊಳ್ಳೆಗೂ ಮನೆನೊಣಕ್ಕೂ ಇವು ಉಂಟು. ಆದರೆ ಬರಿಗಣ್ಣಿಗೆ ಸ್ಪಷ್ಟವಾಗಿ ತೋರುವುದು ಕೊಕ್ಕರೆನೊಣದಲ್ಲಿಯೇ. ಕಾಲುಗಳಂತೂ ಹಿಡಿದರೆ ಕಳಚಿ ಕೈಗೆ ಬರುವುವು. ಹಲ್ಲಿಯ ಬಾಲದಂತೆ, ಶತ್ರುವಿನ ಬಾಯಿಗೆ ಒಂದು ಕಾಲನ್ನು ಕೊಟ್ಟು ಪ್ರಾಣವನ್ನುಳಿಸಿಕೊಳ್ಳುವ ಉಪಾಯವಿದು. ರೆಕ್ಕೆ ಬಂದ ಮೇಲೆ ಇದರ ಆಯುಸ್ಸು ಕೆಲವೇ ದಿನಗಳದು. ಆ ಅವಧಿಯಲ್ಲಿ ಕೆಲವು ಜಾತಿಗಳು ಹೂವಿನ ರಸವನ್ನು ಕೊಂಚ ಹೀರುವುವು. ಹಲವು ಏನನ್ನೂ ತಿನ್ನುವುದೇ ಇಲ್ಲ. ಇದು ಸೊಳ್ಳೆಗಳನ್ನು ಹಿಡಿದು ತಿನ್ನುವುದೆಂಬ ನಂಬಿಕೆ ಅಮೆರಿಕದಲ್ಲಿ ಉಂಟು, ಅದೂ ಸುಳ್ಳು. ಮಾಡದ ಪಾಪವನ್ನು ಇದರ ತಲೆಗೆ ಕಟ್ಟಬಾರದಂತೆಯೇ, ಮಾಡದ ಪುಣ್ಯವನ್ನೂ ಕಟ್ಟಬಾರದಷ್ಟೆ.

ಇನ್ನು ಊಜಿಯ ವಿಷಯ. ರಾಮನಗರ, ಕನಕಪುರ, ಮಾಗಡಿಗಳ ಕಡೆ ಹುಳು ಸಾಕುವ ಮನೆಗಳಲ್ಲಿ ಈ ಹೆಸರನ್ನು ಕೇಳಿದರೆ ಎದೆ ಝಲ್ಲೆನ್ನುವುದು ಸಹಜ. ೧೯೮೦ನೆಯ ಇಸವಿಯಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ನಮ್ಮ ಸೀಮೆಗೆ ಹೊಕ್ಕ ಈ ನೊಣವು ಅಂದಿನಿಂದ ರೇಷ್ಮೆಯ ರೈತನಿಗೆ ಶನಿಯಾಗಿ ಕಾಡುತ್ತಿದೆ. ಬೆಳೆದ ಹುಳುವಿನ ಮೈಮೇಲೆ ಇದು ಮೊಟ್ಟೆಯಿಡುವುದು. ಮರಿ ಚರ್ಮವನ್ನು ಕೊರೆದು ಒಳಹೊಕ್ಕು ಹುಳುವನ್ನೇ ತಿಂದು ಬೆಳೆಯುವುದು. ಹೊಕ್ಕ ಕಡೆಯಲ್ಲಿ ಕರಿಯ ಕಲೆಯೊಂದು ಉಳಿಯುವುದು. ಹುಳು ಚಂದ್ರಿಕೆಗೆ ಏರಿ ಗೂಡು ಕಟ್ಟಿದರೂ, ಊಜಿಯ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಬೀಳುವುದು. ತೂತಾದ ಗೂಡು ನೂಲು ಬಿಚ್ಚಾಣಿಕೆಗೆ ಒದಗದು. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅದನ್ನು ಕೇಳುವವರಾರು? ಹೀಗಿರುವಲ್ಲಿ ಬಲೆಯ ಮೇಲೆ ಕುಳಿತ ಯಾವ ಕೀಟವನ್ನು ಕಂಡರೂ ಪೊರಕೆಯನ್ನು ಎತ್ತುವವರನ್ನು ನಾವು ಆಕ್ಷೇಪಿಸಲಾರೆವು. ಆದರೆ ಎತ್ತುವ ಮುನ್ನ ಒಂದು ಸಲ ನೋಡಬೇಕು. ಊಜಿಯು ಗಿಡ್ಡಗಾಲಿನ, ದಪ್ಪ ಮೈಯ ನೊಣ, ಮನೆನೊಣಕ್ಕಿಂತ ಕೊಂಚ ದೊಡ್ಡದು, ಬೂದುಗಪ್ಪು ಬಣ್ಣ, ಬೆನ್ನಿನ ಮೇಲೆ ನಾಲ್ಕು ಕರಿಯ ಗೆರೆಗಳು. ಕೊಕ್ಕರೆನೊಣಕ್ಕೂ ಇದಕ್ಕೂ ಇರುವ ವ್ಯತ್ಯಾಸವು ಒಂಟೆಗೂ ಎಮ್ಮೆಗೂ ಇರುವಷ್ಟು. ಒಂದು ರೇಷ್ಮೆಹುಳುವನ್ನು ಮುಟ್ಟಲೂ ಕೊಕ್ಕರೆನೊಣಕ್ಕೆ ಕಾರಣವಿಲ್ಲ. ಬಲೆಯನ್ನು ಬಿಗಿಯಾಗಿಯೇ ಇರಿಸಿಕೊಂಡು, ಒಳಗೆ ಬಂದದ್ದನ್ನು ಅಂಗೈಯಲ್ಲಿ ಮುಚ್ಚಿ ಹೊರಗೆ ಬಿಟ್ಟರೆ ಸಾಕು.

ಹಾಗಾದರೆ ಇದು ಎಲ್ಲಿಂದ ಬರುವುದು? ಕೊಕ್ಕರೆನೊಣವು ತನ್ನ ಬಾಳಿನ ಬಹುಭಾಗವನ್ನು ಕಳೆಯುವುದು ರೆಕ್ಕೆಯಿಲ್ಲದ, ಕಾಲಿಲ್ಲದ, ಮಣ್ಣುಬಣ್ಣದ ಮರಿಹುಳುವಾಗಿ. ಕೆಲವು ಜಾತಿಗಳ ಮರಿಗಳು ನೀರಿನಲ್ಲಿರುವುವು, ಕೆಲವು ಒದ್ದೆಮಣ್ಣಿನಲ್ಲಿ. ಮಣ್ಣಿನಲ್ಲಿರುವುವುಗಳಲ್ಲಿ ಒಂದೆರಡು ಐರೋಪ್ಯ ಜಾತಿಗಳು ಹುಲ್ಲಿನ ಬೇರನ್ನು ತಿನ್ನುವುವು. ೧೯೩೫ರಲ್ಲಿ ಲಂಡನ್ನಿನ ಲಾರ್ಡ್ಸ್ ಎಂಬ ಹೆಸರಾಂತ ಕ್ರಿಕೆಟ್ ಮೈದಾನದ ಹುಲ್ಲನ್ನು ಇವು ಹಾಳುಮಾಡಿದ ಸಂಗತಿಯನ್ನು ಕ್ರಿಕೆಟ್ಟಿನ ಹುಚ್ಚಿರುವ ಹುಡುಗರು ತಿಳಿದಿರಬಹುದು. ಈ ವಂಶಕ್ಕೆ ಕೆಟ್ಟ ಹೆಸರು ಬಂದುದು ಅಲ್ಲಿಂದ. ಉಳಿದ ಸಾವಿರಾರು ಜಾತಿಗಳು ಯಾರ ತಂಟೆಗೂ ಹೋಗವು. ಅವುಗಳಲ್ಲಿ ನಮಗೆ ಅತ್ಯಂತ ಪ್ರಿಯವಾದುವು ಕೊಳೆತ ಮರದಲ್ಲಿ ಹುಟ್ಟಿ ಬೆಳೆಯುವ ಜಾತಿಗಳು.

ಯೂರೋಪಿನಲ್ಲಿ ಟ್ಯಾನಿಪ್ಟೆರ ಅಟ್ರಾಟ ಎಂಬ ಕೊಕ್ಕರೆನೊಣವಿದೆ. ೧೭೫೮ರಲ್ಲಿ ಸ್ವೀಡನ್ನಿನ ಪ್ರಕೃತಿಶಾಸ್ತ್ರಜ್ಞ ಲಿನ್ನೇಯಸನು ತನ್ನ ಗ್ರಂಥದಲ್ಲಿ ಇದನ್ನು ನಮೂದಿಸಿದನು. ಕರಿಯ ಮೈ, ಹೆಣ್ಣಿನ ಹೊಟ್ಟೆಯ ಮೇಲೆ ಕೆಂಪು, ತುದಿಯಲ್ಲಿ ಮುಳ್ಳಿನಂತಹ ನೀಳವಾದ ಅವಯವ. ನೋಡಿದವರು ಕಣಜವೆಂದು ಹೆದರಿ ಹಿಂದೆ ಸರಿಯುವರು. ಆ ಮುಳ್ಳು ಕುಟುಕುವ ಮುಳ್ಳಲ್ಲ; ಕೊಳೆತು ಮೆತ್ತಗಾದ ಮರದ ಒಳಗೆ ಮೊಟ್ಟೆಯನ್ನು ಸೇರಿಸುವ ಸಾಧನ. ಕುಟುಕಲಾರದ ಪ್ರಾಣಿಯು ಕುಟುಕುವುದರ ವೇಷ ಹಾಕಿಕೊಂಡು ಬದುಕುತ್ತಿರುವುದು. ಟ್ಯಾನಿಪ್ಟೆರ ಎಂಬ ಗ್ರೀಕ್ ಹೆಸರಿನಲ್ಲಿ ಸಂಸ್ಕೃತ ಬಲ್ಲವರಿಗೆ ಒಂದು ರಸವುಂಟು. ಟ್ಯಾನಿ ಎಂಬುದು ನಮ್ಮ ‘ತನು’ವಿನ ಸೋದರ, ಎಂದರೆ ತೆಳ್ಳಗೆ ನೀಡಿದ್ದು, ಪ್ಟೆರ ಎಂಬುದು ನಮ್ಮ ‘ಪತ್ರ’ದ ಬಂಧು, ಎಂದರೆ ರೆಕ್ಕೆ. ಅಂದಮೇಲೆ ಈ ಐರೋಪ್ಯ ನೊಣವನ್ನು ತನುಪತ್ರವೆಂದು ಕರೆದರೆ ತಪ್ಪಾಗದು. ಇದರ ಮರಿಗಳು ಮೆಚ್ಚಿ ವಾಸಿಸುವ ಮರಗಳಲ್ಲಿ ಬರ್ಚ್ ಒಂದು. ಆ ಹೆಸರೂ ನಮ್ಮ ‘ಭೂರ್ಜ’ವೇ, ಕಾಶ್ಮೀರದ ಪಂಡಿತರು ಗ್ರಂಥಗಳನ್ನು ಬರೆದಿಡುತ್ತಿದ್ದ ಭೂರ್ಜಪತ್ರದ ಮರದ ಕುಲ. ಇದರ ಬಂಧುವಾದ ಇನ್ನೊಂದು ಐರೋಪ್ಯ ಕುಲಕ್ಕೆ ಕ್ಟೆನೊಫೊರ, ಎಂದರೆ ಬಾಚಣಿಗೆಯನ್ನು ಹೊತ್ತದ್ದು, ಎಂದು ಹೆಸರು. ಗಂಡಿನ ಮೀಸೆಗಳು ಬಾಚಣಿಗೆಯಂತೆ ಹಲ್ಲುಹಲ್ಲಾಗಿರುವುವು. ನಮ್ಮ ಏಷ್ಯದಲ್ಲಿರುವ ದಾಯಾದಿ ಕುಲಕ್ಕೆ ಪ್ಸೆಲ್ಲಿಯೋಫೊರ, ಎಂದರೆ ಬಳೆ ತೊಟ್ಟದ್ದು, ಎಂದು ಹೆಸರು. ಅವರದು ಕಂಕತಧಾರಿಯಾದರೆ ನಮ್ಮದು ಕಂಕಣಧಾರಿ. ಇದೂ ಕಣಜದ ವೇಷದ್ದೇ.

ಮರವನ್ನು ಕೊರೆಯುವ ಹುಳುವೆಂದರೆ ಗೃಹಸ್ಥರಿಗೆ ಒಡನೆಯೇ ಮನೆಯ ತೊಲೆ, ಬಾಗಿಲುವಾಡಗಳ ಚಿಂತೆ ಹತ್ತುವುದು. ಸಂಸ್ಕೃತದಲ್ಲಿ ಘುಣಾಕ್ಷರನ್ಯಾಯವೆಂಬುದೊಂದಿದೆ. ಘುಣವೆಂಬ ಹುಳು ಮರವನ್ನು ಕೊರೆಯುತ್ತ ಹೋದಾಗ ಎಲ್ಲಿಯೋ ಒಂದು ಕಡೆ ಅಕ್ಷರದ ಆಕಾರ ಮೂಡಿದರೆ, ಅದು ಹುಳುವಿನ ಪಾಂಡಿತ್ಯವಲ್ಲ, ಆಕಸ್ಮಿಕ, ಎಂಬುದು ಅದರ ತಾತ್ಪರ್ಯ. ಆ ಘುಣವು ನಮ್ಮ ಕುಟ್ಟೆಹುಳು. ಒಣಗಿದ ಮರವನ್ನು ಹಿಟ್ಟು ಮಾಡುವುದು ಅದು. ಗೆದ್ದಲು ನೆಲದಿಂದ ಏರಿ ಬರುವುದು. ಕೊಕ್ಕರೆನೊಣದ ಮರಿಗೆ ಇವೆರಡರ ಬಲವೂ ಇಲ್ಲ. ಮೊದಲು ಅಣಬೆಯ ಜಾತಿಯ ಬೂಷ್ಟುಗಳು ಮರದೊಳಗೆ ಹಬ್ಬಿ, ಅದನ್ನು ಬಿಗಿಯಾಗಿ ಹಿಡಿದಿರುವ ಲಿಗ್ನಿನ್ ಎಂಬ ಪದಾರ್ಥವನ್ನು ಕರಗಿಸಿ, ಮರವನ್ನು ನೆನೆದ ಸ್ಪಂಜಿನಂತೆ ಮಾಡಬೇಕು. ಆಮೇಲೆಯೇ ಇದಕ್ಕೆ ಊಟ. ಕೊಳೆತ ಮರದ ನಾರನ್ನೂ ಬೂಷ್ಟನ್ನೂ ಕೂಡಿಯೇ ಮೇಯ್ದು, ಮಣ್ಣಿಗೆ ಹತ್ತಿರವಾದ ಹಿಕ್ಕೆಯಾಗಿ ಹೊರಹಾಕುವುದು. ಒಣಮರವು ಇದಕ್ಕೆ ಬಂಡೆಯಿದ್ದಂತೆ. ಚನ್ನಪಟ್ಟಣದ ಗೊಂಬೆಯ ಕಸುಬಿನವರು ಆಲೆಮರವನ್ನು ತಿಂಗಳುಗಟ್ಟಲೆ ಒಣಗಿಸಿ, ಕಡೆದು, ಅರಗಿನ ಬಣ್ಣವನ್ನು ಏರಿಸುವರಷ್ಟೆ. ಅಂತಹ ಗೊಂಬೆಯ ಹತ್ತಿರಕ್ಕೂ ಕೊಕ್ಕರೆನೊಣವು ಸುಳಿಯದು. ಅದೇ ಆಲೆಯ ಕೊರಡು ತೋಟದ ತೇವದಲ್ಲಿ ಬಿದ್ದು ಕೊಳೆತರೆ ಮಾತು ಬೇರೆ.

ಆದರೆ ಕೊಳೆಯಲು ಬಿದ್ದಿರುವ ಕೊರಡುಗಳು ಈಗ ಎಲ್ಲಿವೆ? ಈ ನಾಲ್ಕು ತಾಲೂಕುಗಳದು ಬಂಡೆಗಲ್ಲಿನ ಒಣಸೀಮೆ. ಸಾವನದುರ್ಗದ ಇಳಿಜಾರಿನಲ್ಲಿ ಬಿದ್ದ ಮರವು ಬಿಸಿಲಿಗೆ ಒಣಗಿ ಗೆದ್ದಲಿನ ಪಾಲಾಗುವುದೇ ಹೆಚ್ಚು. ನೆರಳೂ ನೀರೂ ಕೂಡಿದ ಕಣಿವೆಯ ಸಂದುಗಳಲ್ಲಿ ಮಾತ್ರ ಅದು ನೆನೆದು ಕೊಳೆಯುವುದು. ಕನಕಪುರದ ದಕ್ಷಿಣಕ್ಕೆ, ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದ ಬಳಿ, ಹೊಳೆಯ ದಂಡೆಯ ಮುದಿ ಹೊಳೆಮತ್ತಿಗಳ ಬುಡದಲ್ಲಿ ಇಂತಹ ಮರ ದೊರೆಯುವುದು. ಅದು ೧೯೮೭ರಲ್ಲಿ ಏರ್ಪಟ್ಟ ಕಾವೇರಿ ವನ್ಯಧಾಮದ ನೆಲವಾದುದರಿಂದ ಅಲ್ಲಿಂದ ಯಾರೂ ಕೊರಡನ್ನು ಹೊರುವಂತಿಲ್ಲ. ಊರುಗಳ ಸಮೀಪದಲ್ಲಾದರೊ, ಬಿದ್ದ ಮರವು ಬಿದ್ದ ದಿನವೇ ಸೌದೆ. ಗೂಡು ಬೇಯಿಸುವ ಒಲೆಗೆ, ಇಟ್ಟಿಗೆಯ ಗೂಡಿಗೆ, ಸೌದೆ ಬೇಡವೆ? ಬಡವರ ಒಲೆಗೆ ಹೋಗುವ ಸೌದೆಯನ್ನು ಹುಳುವಿಗೆ ಬಿಡಿರೆಂದು ಹೇಳುವಷ್ಟು ಕಠಿಣಹೃದಯರು ನಾವಲ್ಲ. ನಮ್ಮ ಮಾತು ಹಿತ್ತಿಲು, ಮಾವಿನ ತೋಪು ಉಳ್ಳ ಗೃಹಸ್ಥರಿಗೆ. ತೋಪನ್ನು ಚೊಕ್ಕಟ ಮಾಡುವೆವೆಂದು, ಸೌದೆಗೂ ಬಾರದ ಲಡ್ಡುಕೊರಡುಗಳನ್ನು ರಾಶಿಹಾಕಿ ಬೆಂಕಿಯಿಡುವರಲ್ಲ, ಅದರಿಂದ ಯಾರಿಗೆ ಏನು ಲಾಭ? ನೆರಳಿನ ಮೂಲೆಯಲ್ಲಿ, ಬೇಲಿಯ ಬುಡದಲ್ಲಿ, ಅಂತಹ ಒಂದೆರಡು ಕೊರಡುಗಳು ಬಿದ್ದಿರಲಿ. ಮರಕುಟಿಗನಿಗೂ ಕಪ್ಪೆಗೂ ಆಹಾರ ಅಲ್ಲಿಯೇ ಹುಟ್ಟುವುದು. ಕೆಲವು ವರ್ಷಗಳಲ್ಲಿ ಕೊರಡೇ ಗೊಬ್ಬರವಾಗುವುದು.

ಇದಕ್ಕೆ ಎರಡು ಅಪವಾದಗಳನ್ನು ಹೇಳಲೇಬೇಕು. ತೆಂಗಿನ ಸತ್ತ ಬೊಡ್ಡೆಯನ್ನು ತೋಟದಲ್ಲಿ ಕೊಳೆಯಲು ಬಿಡತಕ್ಕದ್ದಲ್ಲ. ತೆಂಗಿನ ಸುಳಿಯನ್ನು ಕೊರೆದು ಹಾಳುಮಾಡುವ ಕೊಂಬಿನ ದುಂಬಿಯು ಮೊಟ್ಟೆಯಿಡುವುದು ಮುಖ್ಯವಾಗಿ ಅದರಲ್ಲಿಯೂ ತಿಪ್ಪೆಗುಂಡಿಯಲ್ಲಿಯೂ. ಅದನ್ನು ಸೀಳಿ ಒಣಗಿಸಿ ಉರಿಸುವುದೇ ಸರಿ. ಹೆಬ್ಬೆರಳು ಗಾತ್ರದ, ಬೆಳ್ಳಗೆ ಕೊಬ್ಬಿದ, ಕೊಕ್ಕೆಯಂತೆ ಬಾಗಿ ಮಲಗಿದ ಹುಳು ಕಂಡರೆ ಅದು ದುಂಬಿಯ ಮರಿ. ಕೊಕ್ಕರೆನೊಣದ ಮರಿ ಸಣ್ಣದು, ನೀಳವಾದದ್ದು, ತಲೆಯನ್ನು ಒಳಕ್ಕೆ ಎಳೆದುಕೊಳ್ಳುವುದು. ಎರಡನೆಯದಾಗಿ, ನೀರು ನಿಂತ ಮರದ ಪೊಟರೆಯಲ್ಲಿ ನಿಜವಾದ ಸೊಳ್ಳೆಯೇ ಮರಿಮಾಡುವುದು. ಮನೆಯ ಹತ್ತಿರದ ಅಂತಹ ಪೊಟರೆಯನ್ನು ಮಣ್ಣು ತುಂಬಿ ಮುಚ್ಚತಕ್ಕದ್ದು. ನೆನೆದ ಕೊರಡು ಬೇರೆ, ನಿಂತ ನೀರು ಬೇರೆ.

ಇಷ್ಟು ಕ್ಷುದ್ರವಾದ ಪ್ರಾಣಿಯ ಹಿಂದೆ ಬೀಳುವವರು ಉಂಟೆ ಎಂದು ಯಾರಾದರೂ ನಗಬಹುದು. ಬ್ರುನೆಟ್ಟಿ ಎಂಬವನು ೧೯೧೨ರಲ್ಲಿಯೇ ಭಾರತದ ಇಂತಹ ನೊಣಗಳನ್ನು ಕುರಿತು ಒಂದು ಸಂಪುಟವನ್ನು ಹೊರತಂದನು. ಅವನಿಗಿಂತ ದೊಡ್ಡವನು ಅಮೆರಿಕದ ಚಾರ್ಲ್ಸ್ ಪಾಲ್ ಅಲೆಕ್ಸಾಂಡರ್ ಎಂಬ ಉಪಾಧ್ಯಾಯ. ೧೮೮೯ರಲ್ಲಿ ಹುಟ್ಟಿ ೧೯೮೧ರಲ್ಲಿ ತೀರಿಕೊಂಡ ಈ ಮಹನೀಯನು ತನ್ನ ಜೀವಮಾನದಲ್ಲಿ ಹನ್ನೊಂದು ಸಾವಿರದಷ್ಟು ಕೊಕ್ಕರೆನೊಣದ ಜಾತಿಗಳನ್ನು ಮೊದಲಬಾರಿಗೆ ವರ್ಣಿಸಿದನು. ಎಪ್ಪತ್ತು ವರ್ಷ ಎಡೆಬಿಡದೆ ದುಡಿದನೆಂದು ಲೆಕ್ಕಹಾಕಿದರೂ ಎರಡು ಮೂರು ದಿನಕ್ಕೆ ಒಂದರಂತೆ ಆಯಿತು! ದಕ್ಷಿಣ ಭಾರತದಿಂದ ಹೋದ ನೊಣಗಳೂ ಅವುಗಳಲ್ಲಿ ಬೇಕಾದಷ್ಟಿವೆ. ಅವನ ಪತ್ನಿ ಮೇಬಲ್ ಅವನ ಸಂಗಡ ಕಾಡುಮೇಡು ಅಲೆದು ಹಿಡಿದು ತಂದು, ಪಟ್ಟಿಗಳನ್ನು ಬರೆದಿಡುತ್ತಿದ್ದಳು. ಕಾರು ನಡೆಯಿಸುತ್ತಿದ್ದವಳೂ ಅವಳೇ. ಮನೆಯಲ್ಲಿಯೇ ಬೆಳೆದ ಆ ಸಂಗ್ರಹವು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಗಂಡನ ಹುಳುಗಳನ್ನು ಮನೆಯಿಂದ ಹೊರಕ್ಕೆ ಎಸೆಯದೆ ತಾನೂ ಕೈಹಚ್ಚಿದ ಆ ಸಾಧ್ವಿಗೆ ಅರ್ಧ ಕೀರ್ತಿ ಸಲ್ಲತಕ್ಕದ್ದೆಂದು ನಮ್ಮ ಅಭಿಪ್ರಾಯ.

ಹಿತ್ತಿಲಿನಲ್ಲಿ ಹಳೆಯ ಕೊರಡನ್ನು ಉಳಿಸಿಕೊಂಡಿರುವವರು ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅದನ್ನು ಬಗ್ಗಿ ನೋಡಲಿ. ಮರಿ ಬೆಳೆದು ಕೋಶಾವಸ್ಥೆಗೆ ಬಂದ ಮೇಲೆ, ರೆಕ್ಕೆ ಬಲಿಯುವ ಸಮಯಕ್ಕೆ ಸರಿಯಾಗಿ, ಮೈಯ ಸಣ್ಣ ಮುಳ್ಳುಗಳನ್ನು ಊರಿಕೊಂಡು ಮರದೊಳಗಿನಿಂದ ಅರ್ಧ ಹೊರಕ್ಕೆ ನುಸುಳಿ ನಿಲ್ಲುವುದು. ಬೆನ್ನು ಬಿರಿದು ಕೊಕ್ಕರೆನೊಣವು ಕಾಲುಗಳನ್ನು ಒಂದೊಂದಾಗಿ ಎಳೆದುಕೊಂಡು ಹಾರಿಹೋದ ಬಳಿಕ, ಬರಿದಾದ ಪೊರೆಯು ಮಾತ್ರ ಕೊರಡಿನ ಮೈಯಲ್ಲಿ ಮೊಳೆಯಂತೆ ನೆಟ್ಟು ಉಳಿಯುವುದು. ಮಕ್ಕಳನ್ನು ಕರೆದು ತೋರಿಸಿರಿ. ಮುಟ್ಟಗೊಡಬೇಡಿರಿ, ಒಣಗಿದ ಈರುಳ್ಳಿಸಿಪ್ಪೆಯಂತೆ ಪುಡಿಯಾಗುವುದು.